ಹೊಗೆಯಿಲ್ಲದ ಕೆಂಡ

ಬೆಂಕಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವುದು ಬೇಡ ಎಂದು ಎದೆ ಸೆಟೆಸಿಕೊಂಡು ಓಡಾಡಿದವನು ನಾನು. ಭೀಮಾ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ಹಂಗಾಮು ಕಬ್ಬಿನ ಸಿಪ್ಪೆ ಉರಿಸಿದ್ದೇನೆ. ಮೂರು ಅಂತಸ್ತಿನ ಬಾಯ್ಲರಿನ ಸದ್ದು ಕೇಳಿಯೇ ಅದರ ಹೊಟ್ಟೆಯೊಳಗೆ ಏನು ನಡೆದಿದೆ ಎಂದು ಹೇಳುತ್ತಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಮೆಟ್ಟಿಲು ಹತ್ತಿಳಿಯುವ ಆ ಕೆಲಸ ಬಿಟ್ಟು, ಸಿಂದಗಿಯ ಒಂದು ಹೆರಿಗೆ ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳಲು ಸೇರಿದೆ. ಆದರೆ ಸೊಕ್ಕು ಮಾತ್ರ ಕಾರ್ಖಾನೆಯದೇ ಉಳಿಯಿತು. ಹೋದ ಕಾರ್ತಿಕದಲ್ಲಿ ಆ ಸೊಕ್ಕು ನನ್ನ ಮಗಳ ಮತ್ತು ಹನ್ನೊಂದು ದಿನದ ಮೊಮ್ಮಗಳ ಉಸಿರಿನ ಮೇಲೆ ಬಂತು.

ಆಸ್ಪತ್ರೆಯ ಬಾಯ್ಲರ್ ದೊಡ್ಡ ಅಲಮಾರಿಯಷ್ಟು ಎತ್ತರ, ಅಷ್ಟೇ. ಬಾಣಂತಿಯರ ಸ್ನಾನಕ್ಕೆ, ಬಟ್ಟೆ ಒಗೆಯುವುದಕ್ಕೆ, ಅಡುಗೆಮನೆಗೆ ಬಿಸಿನೀರು ಕೊಡುತ್ತದೆ. ಅದಕ್ಕೆ ಹಾಕುವುದು ಪೆಲೆಟ್. ತೊಗರಿ ಕಟ್ಟಿಗೆ, ಗರಗಸದ ಹೊಟ್ಟು ಪುಡಿ ಮಾಡಿ ಒತ್ತಿದ ಬೆರಳಿನಷ್ಟು ಉದ್ದದ ತುಂಡು. ನಾವೆಲ್ಲ ಅದನ್ನು ಗುಳಿಗೆ ಎನ್ನುತ್ತೇವೆ. ಮೇಲಿನ ಪೆಟ್ಟಿಗೆಗೆ ಚೀಲ ಸುರಿದರೆ ಒಂದು ಸ್ಕ್ರೂ ತಿರುಗುತ್ತಾ ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಒಲೆಗೆ ತಳ್ಳುತ್ತದೆ, ಫ್ಯಾನು ಗಾಳಿ ಊದುತ್ತದೆ. ಮೊದಲ ದಿನ ನೋಡಿದಾಗ ನನಗೆ ನಗು ಬಂದಿತ್ತು. ಇದಕ್ಕೊಬ್ಬ ಆಳು ಬೇರೆ ಕೇಡು ಎಂದುಕೊಂಡಿದ್ದೆ.

ಒಂದು ವಾರದೊಳಗೆ ಅದು ನನ್ನ ನಗು ಇಳಿಸಿತು. ಅದರ ನಾಜೂಕು ಹೊಸ ಅಳಿಯನಿಗೂ ಇರಲಿಕ್ಕಿಲ್ಲ. ಚೀಲಕ್ಕೆ ಸ್ವಲ್ಪ ತೇವ ಬಡಿದರೆ ಗುಳಿಗೆ ಉಬ್ಬಿ ಸ್ಕ್ರೂ ಹಿಡಿದು ನಿಲ್ಲುತ್ತದೆ. ಅದಕ್ಕೇ ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಗೇಣು ದೂರ ಇಡಬೇಕು. ಪ್ರತಿ ಚೀಲದಿಂದ ಒಂದು ಗುಳಿಗೆ ತೆಗೆದು ಮುರಿದು ನೋಡುತ್ತೇನೆ. ಚಟ್ ಎಂದರೆ ಸರಿ, ಪುಡಿಯಾದರೆ ಆ ಚೀಲ ವಾಪಸ್. ಮಣ್ಣು ಬೆರೆತ ಮಾಲು ಬಂದರೆ ಒಲೆಯಲ್ಲಿ ಕಿಟ್ಟ ಕಟ್ಟುತ್ತದೆ. ದಿನಾ ಕೆರೆದು ತೆಗೆಯದಿದ್ದರೆ ಗಾಳಿಯ ತೂತು ಮುಚ್ಚಿ ಉರಿ ಕೆಂಪಾಗುತ್ತದೆ, ಚಿಮಣಿಯಲ್ಲಿ ಕರಿ ಹೊಗೆ ಏಳುತ್ತದೆ. ಹೊಗೆ ಅಂದರೆ ಉರಿಯದೇ ಹೋದ ಗುಳಿಗೆ. ನನ್ನ ಚಿಮಣಿಯ ಮೇಲೆ ಹೊಗೆ ಕಾಣುತ್ತಿರಲಿಲ್ಲ. ಬಿಸಿಗೆ ಗಾಳಿ ಅಲುಗಾಡುವುದಷ್ಟೇ ಕಾಣುತ್ತಿತ್ತು. ಬಂದವರನ್ನೆಲ್ಲ ಅಂಗಳಕ್ಕೆ ಕರೆದು ಅದನ್ನು ತೋರಿಸುತ್ತಿದ್ದೆ.

ಯಂತ್ರ ಕೂರಿಸಲು ಬಂದ ಇಂಜಿನಿಯರ್, ನನ್ನ ಮಗನ ವಯಸ್ಸಿನ ಹುಡುಗ, ಎರಡು ಮಾತು ಒತ್ತಿ ಒತ್ತಿ ಹೇಳಿದ್ದ. ಒಂದು, ಗುಳಿಗೆ ಹಾಕುವುದು ನಿಲ್ಲಿಸಿದರೂ ಫ್ಯಾನು ಕಾಲು ಗಂಟೆ ಓಡಲೇಬೇಕು. ಒಲೆಯಲ್ಲಿದ್ದದ್ದು ಪೂರ್ತಿ ಉರಿದು ಬೂದಿಯಾಗುವ ತನಕ ಬಾಗಿಲು ತೆಗೆಯಬಾರದು. ಅರೆಬೆಂದ ಕೆಂಡ ವಿಷಗಾಳಿ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಫ್ಯಾನು ಅದನ್ನು ಚಿಮಣಿಯಿಂದ ಹೊರಗೆ ಹಾಕುತ್ತದೆ. ಇನ್ನೊಂದು, ಒಂದೇ ಕೋಣೆಯಲ್ಲಿದ್ದ ಇಬ್ಬರಿಗೆ ಒಟ್ಟಿಗೇ ತಲೆ ನೋಯತೊಡಗಿದರೆ ಔಷಧ ಹುಡುಕಬೇಡಿ, ಮೊದಲು ಹೊರಗೆ ಓಡಿ. ಬಾಯ್ಲರ್ ಕೋಣೆಯ ಗೋಡೆಗೆ ಆ ಗಾಳಿ ಹಿಡಿಯುವ ಒಂದು ಬಿಳಿ ಡಬ್ಬಿಯನ್ನೂ ಹಾಕಿ ಹೋಗಿದ್ದ. ನಾನು ತಲೆಯಾಡಿಸಿದ್ದೆ. ಕಾರ್ಖಾನೆಯವನಿಗೆ ಇದನ್ನೇನು ಹೇಳುತ್ತೀ ಎಂದು ಒಳಗೊಳಗೇ ಅಂದುಕೊಂಡಿದ್ದೆ.

ನಮ್ಮ ಕಡೆ ಬಾಣಂತಿಯನ್ನು ಕಾಸುತ್ತಾರೆ. ಎರೆದುಕೊಂಡ ಮೇಲೆ ಅವಳನ್ನು ಹೊರಸಿನ ಮೇಲೆ ಮಲಗಿಸಿ, ಕಿವಿಗೆ ಅರಿವೆ ಕಟ್ಟಿ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಾರೆ. ಕೆಂಡದ ಮೇಲೆ ಒಂದಿಷ್ಟು ಅಜವಾನ, ಬಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸುತ್ತಾರೆ. ಕೂಸೂ ಅವಳ ಮಗ್ಗುಲಲ್ಲೇ ಇರುತ್ತದೆ. ಸೊಂಟ ಗಟ್ಟಿಯಾಗುತ್ತದೆ, ಶೀತ ಹತ್ತುವುದಿಲ್ಲ ಎನ್ನುವ ನಂಬಿಕೆ. ಆಸ್ಪತ್ರೆಯಲ್ಲಿ ಡಾಕ್ಟರಬಾಯಿಯವರು ಇದಕ್ಕೆ ಬಿಡುತ್ತಿರಲಿಲ್ಲ. ಹಾಗಾಗಿ ಬಾಣಂತಿಯರ ತಾಯಂದಿರು ಸೆರಗಿನ ಮರೆಯಲ್ಲಿ ಬುಟ್ಟಿ ಹಿಡಿದು ನನ್ನ ಬಳಿ ಬರುತ್ತಿದ್ದರು, ಎರಡು ಕೆಂಡ ಕೊಡ್ರಿ ಎಂದು. ನಾನು ಗದರಿಸಿ ಅಟ್ಟುತ್ತಿದ್ದೆ. ಕಲ್ಲೆದೆಯವನು ಎಂದು ಅವರೆಲ್ಲ ನನ್ನ ಮೇಲೆ ಹಲ್ಲು ಮಸೆಯುತ್ತಿದ್ದರು.

ಮಗಳನ್ನು ಕೊಟ್ಟದ್ದು ಬಸವನ ಬಾಗೇವಾಡಿಗೆ. ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಳು, ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಹೆತ್ತಳು. ಹೆಣ್ಣು ಕೂಸು. ಅದರ ಮೊದಲ ಸ್ನಾನದ ನೀರು ನನ್ನ ಬಾಯ್ಲರಿನದೇ ಎಂದು ಹಿಗ್ಗಿ ಹೀರೇಕಾಯಿಯಾಗಿದ್ದೆ. ಐದನೇ ದಿನ ಮನೆಗೆ ಕರೆತಂದೆವು. ಮನೆ ಆಸ್ಪತ್ರೆಯ ಹಿಂದಿನ ಎರಡನೇ ಓಣಿ. ನಾವು ಹೊಸದಾಗಿ ಕಟ್ಟಿಸಿದ ಸ್ಲ್ಯಾಬಿನ ಮನೆ. ಹಿಂದಿನ ಚಿಕ್ಕ ಕೋಣೆ ಬಾಣಂತಿಯದಾಯಿತು.

ಹೆಂಡತಿ ಕುಳ್ಳು, ಅಂದರೆ ಬೆರಣಿ, ಉರಿಸಿ ಕೆಂಡ ಮಾಡಿ ಕಾಸತೊಡಗಿದಳು. ಮೊದಲ ದಿನವೇ ಕೋಣೆಯ ತುಂಬ ಹೊಗೆ. ಮಗಳು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು, ಕೂಸು ಮೇಲಿಂದ ಮೇಲೆ ಸೀನಿತು. ಹೊಗೆ ತಡೆಯಲಾರದೆ ಹೆಂಡತಿ ಕಾಸುವಾಗಲೆಲ್ಲ ಬಾಗಿಲು ತೆರೆದಿಡುತ್ತಿದ್ದಳು. ಅದು ಬಾಗೇವಾಡಿಯ ಬೀಗಿತಿಯವರಿಗೆ, ಅಂದರೆ ನನ್ನ ಮಗಳ ಅತ್ತೆಗೆ, ಫೋನಿನಲ್ಲಿ ಗೊತ್ತಾಗಿ ಅವರು ಕೂಗಾಡಿಬಿಟ್ಟರು. ಗಂಡಸರೆದುರು ದನಿ ಎತ್ತದ ಹೆಂಗಸು ಅವರು. ಅಂಥವರು ಹಾಗೆ ಕೂಗಾಡಿದ್ದನ್ನು ನಾವು ಯಾರೂ ಅದುವರೆಗೆ ಕೇಳಿರಲಿಲ್ಲ.

"ಬಾಗಲಾ ತಗದು ಕಾಸ್ತಾರೇನ್ರಿ ಯಾರರ? ಕೂಸಿಗೆ ಗಾಳಿ ಸೋಕಿದ್ರ ಉಳಿಯಾಂಗಿಲ್ರಿ! ಕಿಡಕಿ, ಬಾಗಲಾ ಎರಡೂ ಬಂದ್ ಮಾಡ್ರಿ. ನಿಮ್ಮ ಕಾಲ ಬೀಳ್ತೇನಿ."

ಹೆಂಡತಿ ಫೋನು ಇಟ್ಟು ನನ್ನ ಕಡೆ ತಿರುಗಿದಳು. "ಊರ ಬಾಣಂತ್ಯಾರಿಗೆಲ್ಲಾ ಬಿಸಿನೀರು ಕಾಸ್ತೀರಿ. ಹೆತ್ತ ಮಗಳಿಗೆ ಹೊಗಿ ಇಲ್ಲದ್ದು ಒಂದು ಬುಟ್ಟಿ ಕೆಂಡಾ ತರಾಕ ಆಗಂಗಿಲ್ಲೇನ್ರಿ?"

ನಾನು ಕೋಣೆಯ ಬಾಗಿಲಿಗೆ ಹೋಗಿ ಇಣುಕಿದೆ. ಮಗಳು ಕೆಮ್ಮಿ ಸುಸ್ತಾಗಿ ಮಲಗಿದ್ದಳು. ಊರಿಗೆಲ್ಲ ಹೊಗೆಯಿಲ್ಲದ ಬೆಂಕಿ ನನ್ನದು ಎಂದು ಹೇಳಿಕೊಂಡು ತಿರುಗುವವನ ಮಗಳು ಕುಳ್ಳಿನ ಹೊಗೆ ಕುಡಿಯಬೇಕೇ?

ಮರುದಿನ ಬೆಳಗಿನ ಸ್ನಾನಗಳೆಲ್ಲ ಮುಗಿದ ಮೇಲೆ, ಹನ್ನೊಂದರ ಸುಮಾರಿಗೆ, ಬಾಯ್ಲರ್ ನಿಲ್ಲಿಸುವ ಹೊತ್ತಿಗೆ ನಾನು ಫ್ಯಾನು ಕಾಲು ಗಂಟೆ ಓಡಲು ಬಿಡಲಿಲ್ಲ. ಮೇನ್ ಸ್ವಿಚ್ಚನ್ನೇ ತೆಗೆದೆ. ಮೋರೆ ಓರೆ ಮಾಡಿ, ಒಲೆಯ ಬಾಗಿಲನ್ನು ಮೊದಲು ಬೆರಳಗಲ ತೆರೆದು, ಒಳಗಿನ ಬಿಸಿ ಹೊರಬೀಳಲು ಬಿಟ್ಟು, ಆಮೇಲೆ ಪೂರ್ತಿ ತೆರೆದೆ. ಆ ಮಟ್ಟಿಗೆ ಜಾಣ ನಾನು! ಕಿತ್ತಳೆ ಬಣ್ಣದ ಕೆಂಡವನ್ನು ಕಬ್ಬಿಣದ ಬುಟ್ಟಿಗೆ ಎಳೆದು, ಮೇಲೊಂದು ತಗಡು ಮುಚ್ಚಿ ಮನೆಗೆ ಒಯ್ದೆ. ಹೊಗೆಯ ಸುಳಿವೇ ಇರಲಿಲ್ಲ. ಮಗಳು ಕೆಮ್ಮಲಿಲ್ಲ. "ಯಪ್ಪಾ, ಎಷ್ಟು ಆರಾಮ ಅನಸಾಕತ್ತೈತಿ" ಎಂದಳು. ಆ ಒಂದು ಮಾತಿಗೆ ನಾನು ಉಬ್ಬಿಹೋದೆ.

ವಿಷಗಾಳಿಯ ಮಾತು ನನಗೆ ನೆನಪಿರಲಿಲ್ಲವೇ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ನೆನಪಿತ್ತು. ಆದರೆ ನನ್ನ ತಲೆಯಲ್ಲಿ ಅದು ಬಾಯ್ಲರಿನ ಕೋಣೆಯ ಮಾತಾಗಿತ್ತು, ಮನೆಯದಾಗಿರಲಿಲ್ಲ. ದೇವಣಗಾಂವದ ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ನನ್ನ ಅವ್ವ ನಮ್ಮನ್ನೆಲ್ಲ ಹೀಗೇ ಕಾಸಿ ಬೆಳೆಸಿದ್ದಳಲ್ಲ! ಆ ಮಾಳಿಗೆಗೆ ನೆತ್ತಿಯಲ್ಲಿ ಬೆಳಕಿಂಡಿ ಇತ್ತು, ಹಗಲಿರುಳು ತೆರೆದೇ ಇರುತ್ತಿತ್ತು. ಕೆಂಡದಿಂದ ಏಳುವುದೆಲ್ಲ ಅಲ್ಲಿಂದ ಹೊರಗೆ ಹೋಗುತ್ತಿತ್ತು. ನನ್ನ ಹೊಸ ಸ್ಲ್ಯಾಬಿನಲ್ಲಿ ಅಂಥದ್ದೊಂದು ತೂತೂ ಇರಲಿಲ್ಲ.

ಎರಡನೇ ದಿನವೂ ಒಯ್ದೆ. ಅಂದು ಸಂಜೆ ಮಗಳು ತಲೆ ಭಾರ ಎಂದಳು. "ಬಾಣಂತಿ ತಲಿ ಅಂದ್ರ ಭಾರ ಇರೋದ" ಎಂದು ಹೆಂಡತಿ ಅವಳ ನೆತ್ತಿಗೆ ಎಣ್ಣೆ ಹಚ್ಚಿದಳು. ಮೂರನೇ ದಿನ ಬೆಳಗ್ಗೆ ಮೋಡ ಕವಿದು ಥಂಡಿ ಗಾಳಿ ಬೀಸುತ್ತಿತ್ತು. ಬೀಗಿತಿಯವರು ಎರಡು ಸಲ ಫೋನು ಮಾಡಿ, ಕಿಟಕಿ ಮುಚ್ಚಿದ್ದೀರೋ ಇಲ್ಲವೋ ಎಂದು ವಿಚಾರಿಸಿದರು. ಅದುವರೆಗೆ ಗೇಣಗಲ ತೆರೆದಿರುತ್ತಿದ್ದ ಕಿಟಕಿಯನ್ನು ಹೆಂಡತಿ ಗಟ್ಟಿಯಾಗಿ ಮುಚ್ಚಿದಳು. ನಾನು ಕೆಂಡದ ಬುಟ್ಟಿಯನ್ನು ಹೊರಸಿನ ಕೆಳಗೆ ಇಟ್ಟು ಹೊರಬರುವಾಗ, ಬಾಗಿಲ ಕೆಳಗಿನ ಸಂದಿಯಿಂದ ಬೆಚ್ಚನೆಯ ಗಾಳಿ ಕಾಲಿಗೆ ತಾಗಿತು. ಶಾಖ ಸೋರಬಾರದು ಎನ್ನುವುದು ನನ್ನ ಕಸುಬಿನ ಬುದ್ಧಿ. ಗುಳಿಗೆಯ ಖಾಲಿ ಚೀಲವೊಂದನ್ನು ಉದ್ದಕ್ಕೆ ಸುತ್ತಿ ಹೆಂಡತಿಗೆ ಕೊಟ್ಟು, ಬಾಗಿಲು ಹಾಕಿಕೊಂಡ ಮೇಲೆ ಇದನ್ನು ಒಳಗಿನಿಂದ ಸಂದಿಗೆ ತುರುಕು ಎಂದು ಹೇಳಿದೆ. ಅವಳು ಒಳಗೆ ಕುಳಿತಳು. ನಾನು ಆಸ್ಪತ್ರೆಗೆ ಮರಳಿದೆ.

ಬಾಯ್ಲರಿನ ಬೂದಿ ತೆಗೆದು, ಕೊಳವೆಗಳಿಗೆ ಬ್ರಶ್ ಹಾಕುತ್ತಾ ಇದ್ದೆ. ವಾರ್ಡಿನ ಸಿಸ್ಟರ್ ಬಿಸಿನೀರಿನ ನಳ ಸೋರುತ್ತಿದೆ ಎಂದು ಹೇಳಲು ಬಂದವಳು ನಿಂತು ಮಾತಾಡಿಸಿದಳು. ಮಗಳ ಹೆರಿಗೆಯಲ್ಲಿ ಬದಿಗಿದ್ದವಳು ಅವಳೇ.

"ಕಾಕಾ, ಮಗಳು ಹ್ಯಾಂಗದಾಳ?"

"ಆರಾಮ ಅದಾಳವಾ. ನಿನ್ನಿಂದ ತಲಿ ಜಡ ಅನ್ನಾಕತ್ತಾಳ. ಮುಂಜಾನೆ ವಾಂತಿನೂ ಆತು."

"ಏನ್ ತಿಂದಿದ್ಳು?"

"ಏನಿಲ್ಲ, ಅದ ರೊಟ್ಟಿ, ಸಬ್ಬಸಗಿ ಪಲ್ಯ. ಅವರವ್ವಗೂ ನಿನ್ನೆ ತಲಿ ನೋವ. ನಿದ್ದಿಗೆಟ್ಟಾರಲ್ಲ ಇಬ್ಬರೂ, ಅದಕ್ಕ…"

ಇಬ್ಬರೂ ಎಂದು ನನ್ನ ಬಾಯಿಂದಲೇ ಬಂತು. ಸಿಸ್ಟರ್ ಏನೋ ಕೇಳುತ್ತಿದ್ದಳು, ನಾನು ಆಗಲೇ ಗೇಟಿನ ಹೊರಗಿದ್ದೆ. ಐದು ವರ್ಷದಿಂದ ಓಡದ ಮೊಣಕಾಲು ಅವತ್ತು ಓಡಿತು.

ಬಾಗಿಲು ನೂಕಿದರೆ ತೆರೆಯಲಿಲ್ಲ. ಚಿಲಕ ಹಾಕಿರಲಿಲ್ಲ, ನಾನು ಸುತ್ತಿ ಕೊಟ್ಟ ಚೀಲವೇ ಕೆಳಗೆ ಸಿಕ್ಕಿಕೊಂಡಿತ್ತು. ಭುಜ ಕೊಟ್ಟು ತಳ್ಳಿದೆ. ಎರಡನೇ ಸಲಕ್ಕೆ ಬಾಗಿಲು ಜರುಗಿತು. ಒಳಗೆ ಹೊಗೆ ಇಲ್ಲ. ಅಜವಾನದ ಒಳ್ಳೆಯ ವಾಸನೆ, ಬೆಚ್ಚನೆಯ ಕೋಣೆ. ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದಳು. "ಯಾಕ್ ಬಂದ್ರಿ" ಎಂದಳು, ಕಣ್ಣು ತೆರೆಯದೆ, ನಾಲಗೆ ಹೊರಳದೆ. ಮಗಳು ಕರೆದರೆ ಓ ಎನ್ನಲಿಲ್ಲ. ಅವಳ ತೋಳಿನಲ್ಲಿ ಕೂಸು ಕೆನ್ನೆ ಕೆಂಪಗಾಗಿ ಮಲಗಿತ್ತು. ನೋಡಿದವರು ಸುಖನಿದ್ದೆ ಎನ್ನಬೇಕು, ಹಾಗಿತ್ತು. ಎತ್ತಿಕೊಂಡೆ. ಕೈಕಾಲು ಒದ್ದೆ ಅರಿವೆಯ ಹಾಗೆ ಜೋತುಬಿದ್ದವು.

ಕೂಸನ್ನು ಅಂಗಳಕ್ಕೆ ತಂದೆ. ಬುಟ್ಟಿಯನ್ನು ಎಳೆದು ಹೊರಗೆ ಒಗೆದೆ. ಹೆಂಡತಿಯನ್ನು ರಟ್ಟೆ ಹಿಡಿದು ಎಳೆದೆ. ನಾನು ಕಿರುಚುತ್ತಿದ್ದೆ ಎಂದು ಆಮೇಲೆ ಗೊತ್ತಾಯಿತು. ಮಗ್ಗುಲ ಮನೆಯವನು ಓಡಿ ಬಂದು ಮಗಳನ್ನು ಹೊತ್ತುಕೊಂಡು ತನ್ನ ಟಂಟಂ ಆಟೊದಲ್ಲಿ ಮಲಗಿಸಿದ. ಎರಡು ಓಣಿ ದಾಟಲು ಎಷ್ಟು ಹೊತ್ತಾಯಿತೋ. ಕೂಸಿನ ಮೂಗಿನ ಮುಂದೆ ಬೆರಳು ಹಿಡಿದೇ ಕೂತಿದ್ದೆ. ಒಮ್ಮೆ ಉಸಿರು ತಾಗುತ್ತಿತ್ತು, ಒಮ್ಮೆ ತಾಗುತ್ತಿರಲಿಲ್ಲ.

ಡಾಕ್ಟರಬಾಯಿಯವರು ಮೂವರಿಗೂ ಆಕ್ಸಿಜನ್ ಹಚ್ಚಿಸಿದರು. ಮಗಳ ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ತೊಂಬತ್ತೆಂಟು ಎಂದು ಬಂತು. "ತೊಂಬತ್ತೆಂಟೈತ್ರಿ!" ಎಂದು ನಾನು ಕೂಗಿದೆ. ಅವರು ನನ್ನ ಕಡೆ ನೋಡಲೂ ಇಲ್ಲ. "ಅದನ್ನ ನಂಬಬ್ಯಾಡ್ರಿ. ಈ ಗಾಳಿ ಆ ಮಷೀನಿಗೂ ಮೋಸ ಮಾಡ್ತೈತಿ" ಎಂದರು. ಅರ್ಧ ತಾಸಿನಲ್ಲಿ ಚೇತರಿಸದಿದ್ದರೆ ವಿಜಯಪುರಕ್ಕೆ ಒಯ್ಯಬೇಕು, ಅಂಬುಲೆನ್ಸ್ ತಯಾರಿರಲಿ ಎಂದರು. ಆ ಅರ್ಧ ತಾಸನ್ನು ನಾನು ಹೇಗೆ ಬರೆಯಲಿ? ಕೂಸಿನ ಸಣ್ಣ ಮೋರೆಯ ಮೇಲೆ ಆಕ್ಸಿಜನ್ ಮುಖವಾಡ ಹಿಡಿದಿದ್ದರು. ದೇವರೇ, ಇದರ ಬದಲು ನನ್ನನ್ನು ಒಯ್ಯಿ ಎಂದು ಬೇಡಿಕೊಂಡೆ. ಬೇರೆ ಏನೂ ಹೊಳೆಯಲಿಲ್ಲ.

ಮೊದಲು ಅತ್ತದ್ದು ಕೂಸು. ಸಣ್ಣ ದನಿ, ಆದರೆ ಬಿಡದೆ ಅತ್ತಿತು. ಆ ದನಿಗೇ ಇರಬೇಕು, ಮಗಳು ಕಣ್ಣು ತೆರೆದು ಮಗ್ಗುಲಲ್ಲಿ ಕೈಯಾಡಿಸಿದಳು. ಸಿಸ್ಟರ್ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ಡಾಕ್ಟರಬಾಯಿಯವರು ಕೆಂಡ ಎಲ್ಲಿಯದು ಎಂದು ಕೇಳಿದಾಗ ಹೆಂಡತಿ ಮುಖವಾಡ ಸರಿಸಿ, "ಕುಳ್ಳಿಂದ್ರಿ ಬಾಯಾರ, ನಾನ ಮಾಡಿದ್ದು" ಎಂದಳು. ನನ್ನ ಕೆಲಸ ಉಳಿಸಲು ಹೇಳಿದ ಸುಳ್ಳು. ಆ ಸುಳ್ಳನ್ನು ನಾನು ನಿಲ್ಲಗೊಡಲಿಲ್ಲ. ಫ್ಯಾನು ನಿಲ್ಲಿಸಿದ್ದು, ಒಲೆ ಬಾಗಿಲು ತೆಗೆದದ್ದು, ಚೀಲ ಸುತ್ತಿ ಕೊಟ್ಟದ್ದು, ಎಲ್ಲ ಹೇಳಿದೆ. ಅವರು ಮೇಜಿನ ಕಡೆ ಕೈ ತೋರಿಸಿದರು. "ಬಾಯ್ಲರಿನ ಕೀಲಿ ಇಲ್ಲಿ ಇಡ್ರಿ" ಎಂದರು. ಇಟ್ಟೆ. ಅದು ಮತ್ತೆ ನನ್ನ ಕೈಗೆ ಬರಲು ಎರಡು ತಿಂಗಳು ಹಿಡಿಯಿತು, ಅದು ಬೇರೆ ಮಾತು.

ಮಧ್ಯಾಹ್ನದ ಬಸ್ಸಿಗೆ ಬೀಗಿತಿಯವರು ಬಾಗೇವಾಡಿಯಿಂದ ಹೊರಟಿದ್ದಾರೆ ಎಂದು ಸುದ್ದಿ ಬಂತು. ಹೆಂಡತಿ ನನ್ನ ಕೈ ಹಿಡಿದುಕೊಂಡಳು. "ಅವರ ಮುಂದ ಏನೂ ಹೇಳಬ್ಯಾಡ್ರಿ. ಜ್ವರ ಬಂದಿತ್ತು ಅಂದ್ರ ಮುಗೀತು. ಮಗಳು ನಾಳೆ ಆ ಮನ್ಯಾಗ ಬಾಳೇವು ಮಾಡಬೇಕು." ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಕೂಸು ಮುಂದಿನ ತಿಂಗಳು ಹೋಗುವುದು ಅದೇ ಮನೆಗೆ, ಅಲ್ಲಿ ಮತ್ತೆ ಕೆಂಡ ಇಡುತ್ತಾರೆ, ಮತ್ತೆ ಬಾಗಿಲು ಮುಚ್ಚುತ್ತಾರೆ. ಹೇಳದೇ ಬಿಡುವುದು ನನ್ನಿಂದಾಗಲಿಲ್ಲ.

ಬೀಗಿತಿಯವರು ಬಂದು, ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡು ಕುಳಿತರು. ನಾನು ಎದುರು ನಿಂತೆ.

"ಅಕ್ಕಾರ, ಕೂಸಿಗೆ ಜಡ್ಡು ಬಂದಿದ್ದಿಲ್ರಿ. ನಾ ತಂದ ಕೆಂಡದಿಂದ ಹಿಂಗಾತು. ಕೆಂಡಾ ಅರ್ಧಮರ್ಧ ಉರದ್ರ ಒಂದು ಗಾಳಿ ಬಿಡತೈತ್ರಿ. ಕಣ್ಣಿಗೆ ಕಾಣಂಗಿಲ್ಲ, ವಾಸನಿ ಇಲ್ಲ. ಬಾಗಲಾ ಮುಚ್ಚಿದ್ರ ಒಳಗಿದ್ದವ್ರಿಗೆ ತಲಿ ನೋಯತೈತಿ, ನಿದ್ದಿ ಬರತೈತಿ, ಮತ್ತ ಏಳಂಗಿಲ್ಲ. ಸಣ್ಣ ಕೂಸಿಗೆ ಮೊದಲ ಹತ್ತತೈತಿ. ಬೈಯೂದಿದ್ರ ನನಗ ಬೈರಿ, ಮಗಳಿಗೂ ಅವರವ್ವಗೂ ಏನೂ ಅನಬ್ಯಾಡ್ರಿ."

ಅವರು ಬೈಯಲಿಲ್ಲ. ಕೂಸಿನ ನೆತ್ತಿ ಸವರಿದರು. ಆಮೇಲೆ ನನ್ನನ್ನು ನೋಡದೆ ಕೇಳಿದರು.

"ತಲಿ ನೋಯತೈತೇನ್ರಿ ಮೊದಲ?"

"ಹೌದ್ರಿ."

"ನನಗೂ ನೋಯತಿತ್ರಿ." ಅವರ ದನಿ ಇಳಿಯಿತು. "ಮುದ್ದೇಬಿಹಾಳದಾಗ, ನಮ್ಮವ್ವನ ಮನ್ಯಾಗ. ನನ್ನ ಚೊಚ್ಚಲ ಮಗ. ಒಂಬತ್ತು ದಿನದವ ಇದ್ದ. ಕೆಂಡಾ ಇಟ್ಟು ಕದಾ ಹಾಕಿದ್ರು. ತಲಿ ಸಿಡ್ಯಾಕತ್ತು, ವಾಂತಿ ಬಂದಂಗಾತು. ತಡಕೊಳ್ಳಾಕ ಆಗ್ಲಿಲ್ರಿ, ಎದ್ದು ಬಾಗಲಾ ತಗದು ಹೊರಗ ಕಟ್ಟಿ ಮ್ಯಾಲ ಕುಂತೆ. ತಿರುಗಿ ಬಂದು ನೋಡಿದ್ರ ಮಗನ ಉಸರ ಇದ್ದಿದ್ದಿಲ್ಲ. ನೀನ ಬಾಗಲಾ ತಗದು ಗಾಳಿ ಒಳಗ ಬಿಟ್ಟಿ, ನೀನ ಕೊಂದಿ ಅಂದ್ರು ಎಲ್ಲಾರು. ಹಡದಾಕಿ ನಾನ, ಆದ್ರೂ ಹೌದು ಅಂತ ನಾನೂ ನಂಬಿದೆ. ಮೂವತ್ತಾರು ವರ್ಷ ಆತ್ರಿ ಬೀಗರ."

ಮಗಳು ಮಂಚದಿಂದಲೇ ಕೈ ಚಾಚಿ ಅತ್ತೆಯ ಸೆರಗು ಹಿಡಿದುಕೊಂಡಳು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಡಾಕ್ಟರ್ ಅಲ್ಲ. ಆ ಕೂಸನ್ನು ಒಯ್ದದ್ದು ಏನು ಎಂದು ಇಷ್ಟು ವರ್ಷದ ಮೇಲೆ ಹೇಳಲು ಯಾರಿಂದಲೂ ಆಗಲಿಕ್ಕಿಲ್ಲ. ಆದರೆ ಬೆಂಕಿಯ ಬಗ್ಗೆ ನನಗೆ ಗೊತ್ತಿದ್ದ ಒಂದು ಮಾತಿತ್ತು.

"ಬಾಗಲಾ ತಗದದ್ದಕ್ಕ ಯಾವ ಕೂಸೂ ಸತ್ತಿಲ್ರಿ ಅಕ್ಕಾರ" ಎಂದೆ. "ಆ ಮನ್ಯಾಗ ಅವತ್ತ ಮಾಡಬೇಕಾಗಿದ್ದ ಕೆಲಸಾ ಮಾಡಿದಾಕಿ ನೀವೊಬ್ಬರ."

ಅವರು ತಲೆಯೆತ್ತಿದರು. ಕಣ್ಣು ಒಣಗಿದ್ದವು.

"ಇನ್ನೊಮ್ಮೆ ಹೇಳ್ರಿ" ಎಂದರು.

ಹೇಳಿದೆ.